ಅಗಲ ಪಾದ, ಸಣ್ಣ ಬಜೆಟ್: ಸೈಕಲ್ ಶೂ ಮತ್ತು ಪೆಡಲ್ ಆರಿಸೋದು ಹೇಗೆ?

ಹಾಸ್ಟೆಲ್ ಸ್ಟ್ಯಾಂಡಿನಲ್ಲಿ ಈಗ ರೋಡ್ ಬೈಕುಗಳು ಮೊದಲಿಗಿಂತ ಜಾಸ್ತಿ ಕಾಣ್ತಿವೆ. ಬೈಕ್ ತಗೊಂಡು ನಾಲ್ಕೈದು ತಿಂಗಳಾದ ಮೇಲೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಕ್ಲಿಪ್ ಆಗೋ ಶೂ, ಪೆಡಲ್ ತಗೊಳ್ಳಲಾ?" ಅಗಲ ಪಾದದವರಿಗೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಇರತ್ತೆ. ಅಂಗಡಿಯಲ್ಲಿ ಸರಿ ಅನ್ನಿಸಿದ ಶೂ ಮೂವತ್ತನೇ ಕಿಲೋಮೀಟರಿಗೆ ಕಿರುಬೆರಳು ಹಿಂಡೋಕೆ ಶುರು ಮಾಡತ್ತೆ. ಐವತ್ತನೇ ಕಿಲೋಮೀಟರಿಗೆ ಬೆರಳುಗಳಿಗೆ ಜೋಮು ಹಿಡಿಯತ್ತೆ. ಆಮೇಲೆ ಶೂ ಮಂಚದ ಕೆಳಗೆ, ಬೈಕ್ ಸ್ಟ್ಯಾಂಡಿನ ಮೂಲೆಗೆ. ಒಂದು ಸೆಮಿಸ್ಟರಿನ ಉಳಿತಾಯ ಹೀಗೆ ಮಂಚದ ಕೆಳಗೆ ಹೋಗಬಾರದು ಅನ್ನೋದಕ್ಕೆ ಈ ಪಾಠ. ಬೇಕಾಗಿರೋದು ಒಂದು ಸ್ಕೇಲು, ಎರಡು ದಪ್ಪ ಪುಸ್ತಕ, ಮೊದಲ ವರ್ಷದ ಮೆಕ್ಯಾನಿಕ್ಸು, ಅಷ್ಟೇ.

ತೊಂದರೆ ಪಾದದ್ದಲ್ಲ, ಅಚ್ಚಿನದು

ಶೂ ತಯಾರಾಗೋದು ಪಾದದ ಆಕಾರದ ಒಂದು ಅಚ್ಚಿನ ಮೇಲೆ. ರೋಡ್ ಸೈಕ್ಲಿಂಗ್ ಶೂಗಳ ಹೆಸರಾಂತ ಕಂಪನಿಗಳಲ್ಲಿ ಹಲವು ಯುರೋಪಿನವು. ಅವುಗಳ ಅಚ್ಚು ಸಾಮಾನ್ಯವಾಗಿ ಮುಂಭಾಗದಲ್ಲಿ ಕಿರಿದು. ನಮ್ಮಲ್ಲಿ ಬಹಳ ಜನ ಬೆಳೆದಿದ್ದು ಬರಿಗಾಲಲ್ಲಿ ಅಥವಾ ಚಪ್ಪಲಿಯಲ್ಲಿ. ಮನೆ ಒಳಗಂತೂ ಬರಿಗಾಲೇ. ಭಾರತದಲ್ಲಿ ಬರಿಗಾಲಲ್ಲೇ ಓಡಾಡಿ ಬೆಳೆದವರ ಪಾದವನ್ನು ಶೂ ಹಾಕಿ ಬೆಳೆದವರ ಪಾದದ ಜೊತೆ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬರಿಗಾಲಿನವರ ಪಾದದ ಮುಂಭಾಗ ಹೆಚ್ಚು ಅಗಲ ಇತ್ತು, ನಡೆಯುವಾಗ ಒತ್ತಡವೂ ಪಾದದುದ್ದಕ್ಕೂ ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತೀಚೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು 'ಭಾ' ಅನ್ನೋ ಭಾರತೀಯ ಸೈಜ್ ಪದ್ಧತಿಯನ್ನ ಪ್ರಸ್ತಾಪಿಸಿದ್ದೂ ಇದೇ ಕಾರಣಕ್ಕೆ: ನಮ್ಮ ಪಾದ ಸರಾಸರಿಯಲ್ಲಿ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ. ಹಾಗಾಗಿ "ನನ್ನ ಕಾಲೇ ಸರಿ ಇಲ್ಲ" ಅಂತ ಯಾರೂ ಅಂದ್ಕೋಬೇಡಿ.

ನಡೆಯೋ ಶೂ ಸ್ವಲ್ಪ ಬಿಗಿ ಇದ್ದರೆ ದಿನ ಕಳೆದ ಹಾಗೆ ಸಡಿಲ ಆಗತ್ತೆ. ಸೈಕಲ್ ಶೂ ಹಾಗಲ್ಲ. ಅದರ ಅಟ್ಟೆ ಗಟ್ಟಿ ನೈಲಾನು ಅಥವಾ ಕಾರ್ಬನ್. ಬಾಗೋದೂ ಇಲ್ಲ, ಹಿಗ್ಗೋದೂ ಇಲ್ಲ. ಕಾಲು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ, ಒಂದೇ ಜಾಗಕ್ಕೆ ಒತ್ತತಾ ಇರತ್ತೆ. ಬಿಸಿಲಿಗೆ ಪಾದ ಊದತ್ತೆ. ಬೆರಳಿನ ಬುಡದ ಮೂಳೆಗಳು ಪಕ್ಕದಿಂದ ಒತ್ತಿಕೊಂಡಾಗ ಅವುಗಳ ನಡುವೆ ಹಾದುಹೋಗೋ ನರ ಸಿಕ್ಕಿಹಾಕಿಕೊಳ್ಳತ್ತೆ. ಜೋಮು, ಉರಿ, ಬೆರಳ ಮಧ್ಯೆ ಕರೆಂಟ್ ಹೊಡೆದ ಹಾಗೆ ಆಗೋದು, ಇವೆಲ್ಲ ಅದರ ಲಕ್ಷಣ.

ಮೊದಲ ಹೆಜ್ಜೆ: ಅಳತೆ

ಎಲ್ಲರೂ ಹೇಳೋ ವಿಧಾನ: ಹಾಳೆ ಮೇಲೆ ನಿಂತು ಪೆನ್ಸಿಲ್ಲಿಂದ ಪಾದದ ಸುತ್ತ ಗೆರೆ ಎಳೀರಿ. ಇದರಲ್ಲಿ ಒಂದು ದೋಷ ಇದೆ. ಪೆನ್ಸಿಲ್ ದಪ್ಪ ಸುಮಾರು 7 ಮಿ.ಮೀ. ಪೆನ್ಸಿಲ್ ನೆಟ್ಟಗೆ ಹಿಡಿದರೂ ಅದರ ಮೊನೆ ಪಾದದಿಂದ 3.5 ಮಿ.ಮೀ. ಆಚೆ ಇರತ್ತೆ. ಎರಡೂ ಬದಿ ಸೇರಿ ಅಗಲದಲ್ಲಿ 7 ಮಿ.ಮೀ. ತಪ್ಪು. ಮಾಮೂಲಿ ಶೂಗೂ ಅಗಲ ಶೂಗೂ ಇರೋ ವ್ಯತ್ಯಾಸವೇ ಕೆಲವು ಮಿಲಿಮೀಟರು. ಅಂದರೆ ನಾವು ಹುಡುಕ್ತಿರೋ ವ್ಯತ್ಯಾಸಕ್ಕಿಂತ ಅಳತೆಯ ತಪ್ಪೇ ದೊಡ್ಡದಾಗಬಹುದು. ಪೆನ್ಸಿಲ್ಲನ್ನ ಓರೆ ಮಾಡಿ ಪಾದದ ಅಡಿಗೆ ತೂರಿಸಿದರೆ ತಪ್ಪು ಉಲ್ಟಾ ದಿಕ್ಕಿಗೆ ಹೋಗತ್ತೆ.

ಅದಕ್ಕೆ ನಮ್ಮ ವಿಧಾನ ಹೀಗೆ:

1. ಸಂಜೆ ಹೊತ್ತು ಅಳೀರಿ. ಬೆಳಗ್ಗೆಗಿಂತ ಸಂಜೆ ಪಾದ ಸ್ವಲ್ಪ ಊದಿರತ್ತೆ. ಸೈಕಲ್ ಹೊಡೆಯುವಾಗ ಹಾಕೋ ಸಾಕ್ಸನ್ನೇ ಹಾಕಿರಿ.

2. ಹಿಮ್ಮಡಿ ಗೋಡೆಗೆ ತಾಗೋ ಹಾಗೆ ನಿಲ್ಲಿ. ಪೂರ್ತಿ ಭಾರ ಆ ಕಾಲಿನ ಮೇಲೆ ಬಿಡಿ. ಕೂತು ಅಳೆದ ಪಾದ ಚಿಕ್ಕದಾಗೇ ಕಾಣತ್ತೆ.

3. ಅತಿ ಉದ್ದದ ಬೆರಳಿಗೆ ಒಂದು ಪುಸ್ತಕ ತಾಗಿಸಿ. ಗೋಡೆಯಿಂದ ಪುಸ್ತಕಕ್ಕೆ ಇರೋ ದೂರ ಪಾದದ ಉದ್ದ. ಎಲ್ಲರಿಗೂ ಹೆಬ್ಬೆರಳೇ ಉದ್ದ ಇರಲ್ಲ, ನೋಡ್ಕೊಳ್ಳಿ.

4. ಪಾದದ ಎರಡೂ ಪಕ್ಕ ಎರಡು ದಪ್ಪ ಪುಸ್ತಕ ಸಮಾನಾಂತರವಾಗಿ ನಿಲ್ಲಿಸಿ. ಒಂದು ಹೆಬ್ಬೆರಳ ಬುಡದ ಗೆಣ್ಣಿಗೆ, ಇನ್ನೊಂದು ಕಿರುಬೆರಳ ಬುಡದ ಗೆಣ್ಣಿಗೆ ಮೆಲ್ಲಗೆ ತಾಗಲಿ. ಒತ್ತಬೇಡಿ. ನಡುವಿನ ದೂರ ಪಾದದ ಅಗಲ. ಹೆಚ್ಚೂಕಡಿಮೆ ಒಂದು ವರ್ನಿಯರ್ ಕ್ಯಾಲಿಪರ್ ಇದ್ದ ಹಾಗೆ.

5. ಎರಡೂ ಪಾದ ಅಳೀರಿ. ಪ್ರತಿಯೊಂದನ್ನ ಮೂರು ಸಲ. ಸರಾಸರಿ ತಗೊಳ್ಳಿ. ಕೊಳ್ಳುವಾಗ ದೊಡ್ಡ ಪಾದದ ಲೆಕ್ಕ.

ಈಗ ಅಗಲವನ್ನ ಉದ್ದದಿಂದ ಭಾಗಿಸಿ. 264 ಮಿ.ಮೀ. ಉದ್ದ, 107 ಮಿ.ಮೀ. ಅಗಲ ಇದ್ದರೆ ಅನುಪಾತ ಸುಮಾರು 0.405. ನಮ್ಮೊಳಗೆ ನಾವು ಇಟ್ಟುಕೊಂಡಿರೋ ಅಂದಾಜು: 0.40 ದಾಟಿದರೆ ಅಗಲದ ಮಾದರಿಗಳನ್ನೇ ಮೊದಲು ನೋಡಿ. ಇದು ಯಾವ ಸ್ಟ್ಯಾಂಡರ್ಡೂ ಅಲ್ಲ, ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯೋಕೆ ಒಂದು ಗುರುತು.

"ಒಂದು ಸೈಜ್ ದೊಡ್ಡದು ತಗೋ" ಅನ್ನೋ ಸಲಹೆ

ಅಗಲ ಸಾಲದಿದ್ದರೆ ಅಂಗಡಿಯವರೂ ಗೆಳೆಯರೂ ಕೊಡೋ ಸಲಹೆ ಇದೇ. ಲೆಕ್ಕ ಹಾಕಿ ನೋಡೋಣ. ಯುರೋಪಿಯನ್ ಸೈಜಿನಲ್ಲಿ ಒಂದು ಅಂಕಿ ಅಂದರೆ ಅಚ್ಚಿನ ಉದ್ದದಲ್ಲಿ ಒಂದು ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದರೆ 6.67 ಮಿ.ಮೀ. 42ನೇ ಸೈಜಿನ ಅಚ್ಚು 280 ಮಿ.ಮೀ. ಇರತ್ತೆ. ಬೆರಳ ಮುಂದಿನ ಖಾಲಿ ಜಾಗ ಕಳೆದರೆ ಅದು ಸುಮಾರು 265 ಮಿ.ಮೀ. ಪಾದಕ್ಕೆ. ಒಂದು ಸೈಜ್ ಮೇಲೆ ಹೋದರೆ ಉದ್ದ ಆರೂವರೆ ಮಿಲಿಮೀಟರಿಗೂ ಜಾಸ್ತಿ ಬೆಳೆಯತ್ತೆ, ಅಗಲ ಬೆಳೆಯೋದು ಒಂದೆರಡು ಮಿಲಿಮೀಟರು ಮಾತ್ರ. ನಾಲ್ಕು ಮಿಲಿಮೀಟರ್ ಅಗಲ ಬೇಕಾದವರು ಎರಡು ಸೈಜ್ ಮೇಲೆ ಹೋಗಬೇಕಾಗತ್ತೆ. ಆಗ ಉದ್ದ 13 ಮಿ.ಮೀ. ಜಾಸ್ತಿ.

ನಡೆಯೋ ಶೂನಲ್ಲಿ ಇದನ್ನ ಹೇಗೋ ಸಹಿಸಬಹುದು. ಸೈಕಲ್ ಶೂನಲ್ಲಿ ಎರಡು ತೊಂದರೆ. ಒಂದು, ಹಿಮ್ಮಡಿ ಸಡಿಲ ಆಗಿ ಪ್ರತಿ ಸುತ್ತಿಗೂ ಮೇಲೆ ಕೆಳಗೆ ಜಾರಿ ಬೊಬ್ಬೆ ಬರತ್ತೆ. ಎರಡು, ಕ್ಲೀಟ್ ಕೂರಿಸೋ ತೂತುಗಳು ಶೂ ಉದ್ದದ ಅನುಪಾತದಲ್ಲಿ ಮುಂದಕ್ಕೆ ಹೋಗತ್ತವೆ. ಹಿಮ್ಮಡಿಯಿಂದ ಬೆರಳ ಬುಡಕ್ಕಿರೋ ದೂರ ಪಾದದ ಉದ್ದದ ಸುಮಾರು 72% ಅಂತ ಹಿಡಿದರೆ, ಎರಡು ಸೈಜಿಗೆ ತೂತು 9ರಿಂದ 10 ಮಿ.ಮೀ. ಮುಂದೆ. ನಿಮ್ಮ ಪಾದ ಮಾತ್ರ ಇದ್ದಲ್ಲೇ ಇದೆ. ಆಗ ನೀವು ಬೆರಳ ತುದಿ ಕಡೆಯಿಂದ ಪೆಡಲ್ ಒತ್ತೋ ಹಾಗಾಗಿ, ಮೀನಖಂಡಕ್ಕೂ ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೂ ಭಾರ ಹೆಚ್ಚತ್ತೆ. ಅಗಲದ ಸಮಸ್ಯೆಗೆ ಉದ್ದದ ಪರಿಹಾರ ಹುಡುಕಿದರೆ ಹೊಸ ಸಮಸ್ಯೆ ಬರತ್ತೆ. ಅರ್ಧ ಸೈಜ್ ಮೇಲೆ ಹೋಗೋದು ಸರಿ, ಅದಕ್ಕಿಂತ ಮುಂದೆ ಬೇಡ.

ನಿಜವಾಗಲೂ ಕ್ಲಿಪ್ ಬೇಕಾ?

ದುಡ್ಡು ಖರ್ಚು ಮಾಡೋ ಮುಂಚೆ ಈ ಪ್ರಶ್ನೆ. 2016ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ ಒಂದು ಅಧ್ಯಯನ ಪ್ರಕಟಿಸಿದರು. ಮಾಮೂಲಿ ರನ್ನಿಂಗ್ ಶೂ ಜೊತೆ ಚಪ್ಪಟೆ ಪೆಡಲ್, ಬೆರಳಿಗೆ ಪಟ್ಟಿ ಇರೋ ಪೆಡಲ್, ಗಟ್ಟಿ ಅಟ್ಟೆಯ ಸೈಕಲ್ ಶೂ ಜೊತೆ ಕ್ಲಿಪ್ ಆಗೋ ಪೆಡಲ್, ಮೂರನ್ನೂ ಹೋಲಿಸಿದರು. ಸಾಧಾರಣ ವೇಗದಲ್ಲಿ ದೇಹ ಖರ್ಚು ಮಾಡೋ ಶಕ್ತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಕ್ಲಿಪ್ ಯಾಕೆ? ಜೋರಾಗಿ ತುಳಿಯುವಾಗ, ಮಳೆಯಲ್ಲಿ, ಹಳ್ಳ ಬಿದ್ದ ರಸ್ತೆಯಲ್ಲಿ ಕಾಲು ಜಾರಲ್ಲ. ಪ್ರತಿ ಸಲ ಪಾದ ಒಂದೇ ಜಾಗದಲ್ಲಿ ಕೂರತ್ತೆ. ಲಾಂಗ್ ರೈಡಿಗೆ ಇದು ನಿಜವಾದ ಅನುಕೂಲ. ಆದರೆ ನಿಮ್ಮ ಓಡಾಟ ಹಾಸ್ಟೆಲ್ಲಿಂದ ಲ್ಯಾಬು, ವಾರಕ್ಕೊಮ್ಮೆ 20 ಕಿಲೋಮೀಟರು ಅಷ್ಟೇ ಆಗಿದ್ದರೆ ಅಗಲವಾದ ಚಪ್ಪಟೆ ಪೆಡಲ್ ಒಂದು ಜೊತೆ, ಜೊತೆಗೆ ಸ್ವಲ್ಪ ಗಟ್ಟಿ ಅಟ್ಟೆಯ ಮಾಮೂಲಿ ಶೂ ಸಾಕು. ಅಗಲ ಪಾದದವರಿಗೆ ಅತಿ ಕಡಿಮೆ ಖರ್ಚಿನ, ನೋವಿಲ್ಲದ ದಾರಿ ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಇಲ್ಲಿ ಎರಡೂ ಅರ್ಥದಲ್ಲಿ ಸರಿ.

ಎರಡು ಬೋಲ್ಟಾ, ಮೂರು ಬೋಲ್ಟಾ?

ಕ್ಲಿಪ್ ಬೇಕೇ ಬೇಕು ಅಂತಾದರೆ ಮುಖ್ಯವಾಗಿ ಎರಡು ಪದ್ಧತಿ ಇವೆ.

ಮೂರು ಬೋಲ್ಟಿನದು ರೋಡ್ ರೇಸಿಂಗಿನ ಪದ್ಧತಿ. ಫ್ರಾನ್ಸಿನ ಲುಕ್ ಕಂಪನಿ ಸ್ಕೀ ಬೈಂಡಿಂಗಿನ ತತ್ವದಿಂದ ಈ ಬಗೆಯ ಪೆಡಲ್ ತಂದಿತು. 1985ರ ಟೂರ್ ಡಿ ಫ್ರಾನ್ಸನ್ನ ಬೆರ್ನಾರ್ ಇನೋ ಅದರ ಮೇಲೇ ಗೆದ್ದರು. ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಇದೇ ಬಗೆ. ದೊಡ್ಡ ಪ್ಲಾಸ್ಟಿಕ್ ಕ್ಲೀಟು, ಒತ್ತಡ ಅಗಲ ಜಾಗಕ್ಕೆ ಹಂಚಿಹೋಗತ್ತೆ. ಆದರೆ ಕ್ಲೀಟ್ ಅಟ್ಟೆಯಿಂದ ಆಚೆ ಚಾಚಿರತ್ತೆ. ಮೆಸ್ಸಿನ ನುಣುಪು ನೆಲದ ಮೇಲೆ ನಡೆದರೆ ಜಾರತ್ತೆ, ರಸ್ತೆ ಮೇಲೆ ನಡೆದಷ್ಟೂ ಸವೆಯತ್ತೆ. ಸವೆದ ಕ್ಲೀಟ್ ಬದಲಾಯಿಸೋದು ಮತ್ತೆ ಮತ್ತೆ ಬರೋ ಖರ್ಚು.

ಎರಡು ಬೋಲ್ಟಿನದು 1990ರಲ್ಲಿ ಶಿಮಾನೊ ಮೌಂಟನ್ ಬೈಕಿಗೆ ಅಂತ ತಂದ ಎಸ್‌ಪಿಡಿ. ಚಿಕ್ಕ ಲೋಹದ ಕ್ಲೀಟು, ಅಟ್ಟೆಯ ಹಳ್ಳದೊಳಗೆ ಕೂತಿರತ್ತೆ. ಹಾಗೇ ನಡೆದು ಕ್ಯಾಂಟೀನಿಗೆ ಹೋಗಬಹುದು. ಲೋಹ ಆದ್ದರಿಂದ ಬಾಳಿಕೆ ಜಾಸ್ತಿ. ಈ ಬಗೆಯ ಟೂರಿಂಗ್, ಗ್ರಾವೆಲ್, ಮೌಂಟನ್ ಬೈಕ್ ಶೂಗಳಲ್ಲಿ ಬೆರಳ ಭಾಗ ಸಾಮಾನ್ಯವಾಗಿ ಸ್ವಲ್ಪ ಅಗಲ. ರೋಡ್ ಬೈಕಿಗೆ ಇದನ್ನ ಹಾಕಬಾರದು ಅಂತ ಯಾವ ನಿಯಮವೂ ಇಲ್ಲ. ಒಂದೇ ಎಚ್ಚರಿಕೆ: ಅಟ್ಟೆ ತೀರಾ ಮೆತ್ತಗಿದ್ದರೆ ಚಿಕ್ಕ ಕ್ಲೀಟಿನ ಒತ್ತಡ ಒಂದೇ ಬಿಂದುವಿನಲ್ಲಿ ಪಾದಕ್ಕೆ ಗೊತ್ತಾಗತ್ತೆ. ಶೂವನ್ನ ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಸುಲಭವಾಗಿ ಮಡಚಿದರೆ ಬಿಟ್ಟುಬಿಡಿ.

ವಿದ್ಯಾರ್ಥಿಗಳಿಗೆ, ಅದರಲ್ಲೂ ಅಗಲ ಪಾದದವರಿಗೆ, ನಮ್ಮ ಮತ ಎರಡು ಬೋಲ್ಟಿಗೆ. ಪೆಡಲ್‌ಗಳಲ್ಲಿ ಶಿಮಾನೊ ಎಂ520 ಎರಡೂ ಬದಿ ಕ್ಲಿಪ್ ಆಗತ್ತೆ. ಜೊತೆಗೆ ಸುಮಾರು 380 ಗ್ರಾಂ ತೂಕ, ಭಾರ ನಿಜ, ಆದರೆ ವರ್ಷಗಟ್ಟಲೆ ಬಾಳತ್ತೆ. ಇಎಚ್500ರಲ್ಲಿ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕ್ಲಿಪ್. ವಾರವೆಲ್ಲ ಚಪ್ಪಲಿಯಲ್ಲಿ ಕ್ಲಾಸಿಗೆ ಹೋಗಿ, ಭಾನುವಾರ ಶೂ ಹಾಕಿ ನಂದಿಬೆಟ್ಟ ಹತ್ತೋರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಒಂದು ಕಂಪನಿಯ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಕೂರತ್ತೆ ಅಂತ ತಿಳೀಬೇಡಿ. ಎಸ್‌ಪಿಡಿ-ಎಸ್‌ಎಲ್ ಮತ್ತು ಲುಕ್ ಕಿಯೊ ನೋಡೋಕೆ ಒಂದೇ ಥರ, ಶೂ ತೂತೂ ಒಂದೇ, ಆದರೆ ಕ್ಲೀಟ್ ಬೇರೆ. ಬಣ್ಣದಲ್ಲೂ ಮೋಸ ಹೋಗಬೇಡಿ. ಪಾದ ಪಕ್ಕಕ್ಕೆ ತಿರುಗೋ ಅವಕಾಶ ಶಿಮಾನೊದಲ್ಲಿ ಕೆಂಪಿಗೆ 0, ನೀಲಿಗೆ 2, ಹಳದಿಗೆ 6 ಡಿಗ್ರಿ. ಲುಕ್ ಕಿಯೊದಲ್ಲಿ ಕಪ್ಪಿಗೆ 0, ಬೂದುಬಣ್ಣಕ್ಕೆ 4.5, ಕೆಂಪಿಗೆ 9 ಡಿಗ್ರಿ. ಒಂದರ ಕೆಂಪು ಪೂರ್ತಿ ಬಿಗಿ, ಇನ್ನೊಂದರ ಕೆಂಪು ಅತಿ ಸಡಿಲ! ಹೊಸಬರು ಸಡಿಲ ಇರೋದರಿಂದಲೇ ಶುರು ಮಾಡಿ, ಮೊಣಕಾಲಿಗೆ ಒಳ್ಳೆಯದು.

ಶೂ ಪರೀಕ್ಷೆ: ನಾಲ್ಕು ನಿಮಿಷದ ಕೆಲಸ

ಮೊದಲು ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು, ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಎರಡೂ ಕಡೆ ಇನ್‌ಸೋಲಿನಿಂದ ಆಚೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಇದಕ್ಕಿಂತ ಅಗ್ಗದ, ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ.

ಆಮೇಲೆ ಶೂ ಹಾಕಿ, ಬೆರಳುಗಳನ್ನ ಹಾರ್ಮೋನಿಯಂ ನುಡಿಸೋ ಹಾಗೆ ಆಡಿಸಿ. ಆಡಬೇಕು. ಹಿಮ್ಮಡಿ ಎತ್ತಿ ನೋಡಿ, ಜಾರಬಾರದು. ಕಿರುಬೆರಳ ಗೆಣ್ಣಿನ ಹತ್ತಿರ ಹೊಲಿಗೆ ಅಥವಾ ಪಟ್ಟಿಯ ಕೊನೆ ಬರತ್ತಾ ನೋಡಿ. ಬಂದರೆ ಅದೇ ಜಾಗ ಕಚ್ಚತ್ತೆ. ಪಟ್ಟಿ ಎರಡೋ ಮೂರೋ ಇದ್ದು, ಬೆರಳ ಕಡೆಯದನ್ನ ಬೇರೆಯಾಗಿ ಸಡಿಲಿಸೋಕೆ ಆದರೆ ಒಳ್ಳೇದು. ಇಡೀ ಶೂಗೆ ಒಂದೇ ಡಯಲ್ ಇದ್ದರೆ ಮುಂದೆ ಸಡಿಲ, ಮೇಲೆ ಬಿಗಿ ಅಂತ ಮಾಡೋಕಾಗಲ್ಲ. ಹಾಕ್ಕೊಂಡೇ ಹದಿನೈದು ನಿಮಿಷ ಅಂಗಡಿಯಲ್ಲಿ ಇರಿ.

ಆನ್‌ಲೈನಲ್ಲಿ ತರಿಸೋದಾದರೆ ವಾಪಸ್ ನಿಯಮ ಮೊದಲು ಓದಿ. ಮನೆಯೊಳಗೆ ಚಾಪೆ ಮೇಲೆ ಹಾಕಿ ನೋಡಿ. ಸರಿ ಅನ್ನಿಸೋವರೆಗೆ ಕ್ಲೀಟ್ ಕೂರಿಸಬೇಡಿ. ಅಟ್ಟೆ ಮೇಲೆ ಕ್ಲೀಟಿನ ಗುರುತು ಬಿದ್ದ ಶೂ ವಾಪಸ್ ಹೋಗೋದು ಕಷ್ಟ.

ಅಗಲಕ್ಕೇ ಅಂತ ಮಾಡಿದ ಮಾದರಿಗಳೂ ಇವೆ. ಶಿಮಾನೊ ಕೆಲವು ಶೂಗಳನ್ನ, ಉದಾಹರಣೆಗೆ ಆರ್‌ಸಿ3, ಅಗಲ ಅಚ್ಚಿನಲ್ಲೂ ಮಾಡತ್ತೆ. ಲೇಕ್ ಕಂಪನಿ ಅಗಲ ಅಚ್ಚುಗಳಿಗೇ ಹೆಸರುವಾಸಿ. ಬಾಂಟ್ ಶೂವನ್ನ ಬಿಸಿ ಮಾಡಿ ಪಾದದ ಆಕಾರಕ್ಕೆ ತರಬಹುದು. ಕೊನೆಯ ಎರಡು ವಿದ್ಯಾರ್ಥಿ ಜೇಬಿಗೆ ಭಾರ. ಲೇಬಲ್ಲಿನ ಮೇಲೆ 'ವೈಡ್' ಅಂತ ಇದೆ ಅಂತ ಮಾತ್ರಕ್ಕೆ ನಂಬಬೇಡಿ, ಇನ್‌ಸೋಲ್ ಪರೀಕ್ಷೆ ಅದಕ್ಕೂ ಮಾಡಿ.

ದುಡ್ಡು ಎಲ್ಲಿ ಹಾಕೋದು, ಎಲ್ಲಿ ಉಳಿಸೋದು

ಲೆಕ್ಕಕ್ಕೆ ಒಟ್ಟು 10,000 ರೂಪಾಯಿ ಇದೆ ಅಂತ ಇಟ್ಕೊಳ್ಳಿ. ಅದರಲ್ಲಿ 6,000ದಿಂದ 6,500 ಶೂಗೆ ಮೀಸಲಿಡಿ, ಉಳಿದದ್ದು ಪೆಡಲ್ ಮತ್ತು ಕ್ಲೀಟಿಗೆ. ಬಜೆಟ್ ಬೇರೆ ಆದರೂ ಪಾಲು ಹೆಚ್ಚೂಕಡಿಮೆ ಇದೇ ಇರಲಿ. ಕಾರಣ ಸರಳ: ಪೆಡಲ್ ದುಬಾರಿ ಆದಷ್ಟೂ ಮುಖ್ಯವಾಗಿ ಕಮ್ಮಿ ಆಗೋದು ತೂಕ. ನೋವು ಕೊಡೋದು, ತಪ್ಪಿಸೋದು ಎರಡೂ ಶೂ.

ಸೀನಿಯರ್‌ಗಳು ಕೋರ್ಸ್ ಮುಗಿಸಿ ಹೋಗುವಾಗ ಪೆಡಲ್ ಮಾರ್ತಾರೆ. ಸೆಕೆಂಡ್ ಹ್ಯಾಂಡ್ ಪೆಡಲ್ ತಗೊಳ್ಳೋಕೆ ಹೆದರಬೇಡಿ. ಆಕ್ಸಲ್ ಹಿಡಿದು ಅಲ್ಲಾಡಿಸಿ, ಆಟ ಇರಬಾರದು. ತಿರುಗಿಸಿ, ಗರಗರ ಅನ್ನಬಾರದು. ಥ್ರೆಡ್ ನೋಡಿ. ಕ್ಲೀಟ್ ಮಾತ್ರ ಹೊಸದೇ ಹಾಕಿ. ಹೊಸ ಶಿಮಾನೊ ಪೆಡಲ್ ಜೊತೆ ಕ್ಲೀಟ್ ಸಾಮಾನ್ಯವಾಗಿ ಬರತ್ತೆ, ಹಳೇದರ ಜೊತೆ ಬರಲ್ಲ ಅನ್ನೋದನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಹಳೇ ಶೂ ಮಾತ್ರ ಬೇರೆಯವರ ಪಾದಕ್ಕೆ ಹೊಂದಿಕೊಂಡಿರತ್ತೆ, ಹಾಕಿ ನೋಡದೆ ತಗೋಬೇಡಿ.

ಜೋಡಿಸೋದು

ಪೆಡಲ್ ಥ್ರೆಡ್ ಸಾಮಾನ್ಯವಾಗಿ 9/16 ಇಂಚು. ಬಲ ಪೆಡಲ್ ಮಾಮೂಲಿ ಥ್ರೆಡ್. ಎಡದ್ದು ಉಲ್ಟಾ, ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗತ್ತೆ. ತುಳಿಯುವಾಗ ಭಾರದ ದಿಕ್ಕು ಆಕ್ಸಲ್ ಸುತ್ತ ತಿರುಗತಾ ಇರೋದರಿಂದ ಮಾಮೂಲಿ ಥ್ರೆಡ್ ಆಗಿದ್ದರೆ ಎಡಪೆಡಲ್ ತಾನಾಗೇ ಬಿಚ್ಚಿಕೊಳ್ತಿತ್ತು. ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನ ಕೈಯಲ್ಲೇ ತಿರುಗಿಸಿ.

ಕ್ಲೀಟನ್ನ ಹೆಬ್ಬೆರಳ ಗೆಣ್ಣು ಮತ್ತು ಕಿರುಬೆರಳ ಗೆಣ್ಣಿನ ನಡುವೆ ಬರೋ ಹಾಗೆ ಕೂರಿಸಿ. ಬೆರಳ ಬುಡ ಉರಿದರೆ ಎರಡು ಮೂರು ಮಿಲಿಮೀಟರ್ ಹಿಮ್ಮಡಿ ಕಡೆ ಸರಿಸಿ. ಅಗಲ ಶೂ ಕ್ರ್ಯಾಂಕಿಗೆ ಉಜ್ಜಿದರೆ ಕ್ಲೀಟನ್ನ ಶೂನ ಒಳಬದಿಗೆ, ಅಂದರೆ ಹೆಬ್ಬೆರಳ ಕಡೆಗೆ ಸರಿಸಿ. ಆಗ ಪಾದ ಕ್ರ್ಯಾಂಕಿನಿಂದ ದೂರ ಹೋಗತ್ತೆ. ಎಸ್‌ಪಿಡಿ ಬೋಲ್ಟಿಗೆ 5ರಿಂದ 6 ನ್ಯೂಟನ್ ಮೀಟರ್ ಬಿಗಿ. ಪೆಡಲ್ ಸ್ಪ್ರಿಂಗ್ ಅತಿ ಸಡಿಲದಲ್ಲಿರಲಿ. ಗೋಡೆ ಹಿಡಿದು ಕೂತು ಐವತ್ತು ಸಲ ಹಾಕಿ ತೆಗೆದು ಮಾಡಿ, ಆಮೇಲೆ ಖಾಲಿ ಮೈದಾನ, ಆಮೇಲೆ ರಸ್ತೆ. ಸಿಗ್ನಲ್ ಬರೋ ಮುಂಚೆಯೇ ಎಡಗಾಲು ಬಿಡಿಸಿಕೊಳ್ಳಿ. ಬಲಗಡೆ ವಾಹನ ಇರತ್ತೆ. ಬೀಳೋದೇ ಆದರೂ ಆ ಕಡೆ ಬೀಳಬಾರದು.

ಇನ್ನೂ ನೋವಿದ್ದರೆ

ಹೊಸ ಶೂ ಹುಡುಕೋ ಮುಂಚೆ ಗೇರ್ ನೋಡಿ. 200 ವಾಟ್ ಶಕ್ತಿ, 170 ಮಿ.ಮೀ. ಕ್ರ್ಯಾಂಕ್ ಅಂತ ಹಿಡಿಯೋಣ. ನಿಮಿಷಕ್ಕೆ 90 ಸುತ್ತಿನಲ್ಲಿ ಪೆಡಲ್ ಮೇಲಿನ ಸರಾಸರಿ ಬಲ ಸುಮಾರು 125 ನ್ಯೂಟನ್. ಅದೇ ಶಕ್ತಿಯನ್ನ ಭಾರದ ಗೇರಿನಲ್ಲಿ 50 ಸುತ್ತಿಗೆ ಕೊಟ್ಟರೆ 225 ನ್ಯೂಟನ್. ಇದು ಸರಾಸರಿ, ಕಾಲು ಕೆಳಗೆ ಹೋಗುವ ಕ್ಷಣದ ಬಲ ಇನ್ನೂ ಜಾಸ್ತಿ. ಏರಿನಲ್ಲಿ ಹಗುರ ಗೇರ್ ಹಾಕೋದು ಪಾದದ ಮೇಲಿನ ಒತ್ತಡವನ್ನ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಸತ್ತೆ, ಒಂದು ಪೈಸೆ ಖರ್ಚಿಲ್ಲದೆ.

ಆಮೇಲೆ ತೆಳು ಸಾಕ್ಸ್, ತೆಳು ಇನ್‌ಸೋಲ್, ಬೆರಳ ಕಡೆಯ ಪಟ್ಟಿ ಒಂದು ಹಲ್ಲು ಸಡಿಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ರೈಡ್ ಹೋಗಿ, ಬರೆದಿಡಿ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗಲ್ಲ. ಇಳಿದು ಶೂ ತೆಗೆದ ಮೇಲೂ ಜೋಮು ಗಂಟೆಗಟ್ಟಲೆ ಹೋಗದಿದ್ದರೆ, ಅಥವಾ ನಡೆಯುವಾಗಲೂ ಬೆರಳ ಮಧ್ಯೆ ನೋವು ಬಂದರೆ, ಅದು ಶೂ ಅಂಗಡಿಯ ವಿಷಯ ಅಲ್ಲ, ಮೂಳೆ ಡಾಕ್ಟರ ವಿಷಯ. ನರದ ತೊಂದರೆಯನ್ನ ಸಹಿಸಿಕೊಂಡು ಓಡಿಸೋದರಲ್ಲಿ ಯಾವ ಸಾಹಸವೂ ಇಲ್ಲ.

ಈ ವಾರ ಶೂ ಕೊಳ್ಳಬೇಡಿ. ಸಂಜೆ ರೂಮ್‌ಮೇಟನ್ನ ಕರೆದು, ಎರಡು ದಪ್ಪ ಪುಸ್ತಕ ಇಟ್ಟುಕೊಂಡು ಎರಡೂ ಪಾದದ ಉದ್ದ ಅಗಲ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಲ್ಲಿರಲಿ.